ಹೊಸದಾಗಿ ಸೇರಿದವರು ಬೇರೆ ಟೀಮಿಗೆ ಹೋಗುವುದು ಹೇಗೆ?

ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಲ್ಲಿ ಒಳಗಿನವರಿಗೆಂದೇ ಐಜೆಪಿ ಅಂತ ಖಾಲಿ ಕೆಲಸಗಳ ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ. ನಿಯಮವನ್ನೂ ಓದಿ. ಎಷ್ಟೋ ಕಡೆ ಈಗಿನ ಟೀಮಿನಲ್ಲಿ 12 ಅಥವಾ 18 ತಿಂಗಳು ಕಳೆದಿರಬೇಕು.

ಅಷ್ಟರೊಳಗೆ ನೀವು ಹೋಗಬೇಕೆಂದಿರುವ ಟೀಮಿನ ಯಾರ ಜೊತೆಗಾದರೂ ಕಾಫಿಗೆ ಹೋಗಿ, ದಿನವಿಡೀ ನಿಜಕ್ಕೂ ಏನು ಕೆಲಸ ಅಂತ ಕೇಳಿ. ಪಟ್ಟಿಯಲ್ಲಿ ಬರೆದದ್ದಕ್ಕೂ ಅದಕ್ಕೂ ಅಜಗಜಾಂತರ ಇರಬಹುದು.

ಮ್ಯಾನೇಜರ್‌ಗೆ ಯಾವಾಗ ಹೇಳಬೇಕು? ನನ್ನ ಪ್ರಕಾರ ಇಂಟರ್‌ವ್ಯೂಗೆ ಮುಂಚೆಯೇ. ಬೇರೆಯವರ ಬಾಯಿಂದ ಗೊತ್ತಾದರೆ ಮುನಿಸು ಜಾಸ್ತಿ, ಆಮೇಲೆ ರಿಲೀಸ್, ಅಂದರೆ ಈಗಿನ ಟೀಮಿನಿಂದ ಬಿಡುಗಡೆ, ಕೊಡಬೇಕಾದವರೂ ಅವರೇ ಅಲ್ವಾ? ಸುಮ್ನೆ "ಇಲ್ಲಿ ಬೇಜಾರು" ಅನ್ನಬೇಡಿ. "ಟೆಸ್ಟಿಂಗ್‌ನಿಂದ ಡೇಟಾ ಕಡೆ ಹೋಗುವ ಆಸೆ, ಅದಕ್ಕೆ ಬೇಕಾದ ಎಸ್‌ಕ್ಯೂಎಲ್ ಕಲಿಯುತ್ತಿದ್ದೇನೆ" ಅನ್ನಿ.

ರಿಲೀಸ್ ತಾರೀಖು ಮೇಲ್‌ನಲ್ಲೇ ಬರಲಿ, ಬಾಯಿಮಾತು ಬೇಡ. ಆದರೆ ಟೀಮ್ ಬದಲಾದರೆ ಸಂಬಳ ಏರುತ್ತದೆ ಅಂತ ಲೆಕ್ಕ ಹಾಕಬೇಡಿ.