ಮಿಲಿಟರಿ ಗಂಡ, ಡಿವೋರ್ಸ್, ದುಡ್ಡು: ಸಹಿ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

"ರಿಟೈರ್ ಆದಾಗ ಬರೋ ದುಡ್ಡಲ್ಲಿ ಅರ್ಧ ನನಗೆ ಬರುತ್ತಲ್ವಾ?" ಇಲ್ಲ, ಬರುವುದಿಲ್ಲ. ಸೈನಿಕನ ಪಿಂಚಣಿಯನ್ನು ಗಂಡ ಹೆಂಡತಿಗೆ ಹಂಚುವ ಕಾನೂನು ಅಮೆರಿಕದಲ್ಲಿದೆ. ನಮ್ಮಲ್ಲಿ ಗೋವಾ ಬಿಟ್ಟರೆ ಮದುವೆಯಾದ ಮಾತ್ರಕ್ಕೆ ಆಸ್ತಿ ಇಬ್ಬರದ್ದಾಗುವುದಿಲ್ಲ. ಸೈಟು ಯಾರ ಹೆಸರಲ್ಲಿದೆಯೋ ಸಾಮಾನ್ಯವಾಗಿ ಅವರದ್ದೇ. ಹಾಗಾಗಿ ನಿಮ್ಮ ಜೋರೆಲ್ಲ ಜೀವನಾಂಶದ ಮೇಲಿರಲಿ.

ಕೇಸು ಹಾಕುವ ಮುಂಚೆಯೇ ಒಂದು ದಾರಿ ಇದೆ, ಸುಮಾರು ಜನಕ್ಕೆ ಗೊತ್ತೇ ಇಲ್ಲ. ಗಂಡ ಮನೆಗೆ ದುಡ್ಡು ಕಳಿಸುತ್ತಿಲ್ಲ ಅಂದರೆ ನೇರವಾಗಿ ಅವರ ಯೂನಿಟ್‌ನ ಕಮಾಂಡಿಂಗ್ ಆಫೀಸರ್‌ಗೆ ಅರ್ಜಿ ಬರೆಯಬಹುದು. 1950ರ ಆರ್ಮಿ ಕಾಯ್ದೆಯ ಸೆಕ್ಷನ್ 90 ಆಫೀಸರ್‌ಗಳಿಗೆ, 91 ಜವಾನರು ಮತ್ತು ಜೆಸಿಓಗಳಿಗೆ (ಸುಬೇದಾರ್‌ನಂಥ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು). ಇವುಗಳ ಪ್ರಕಾರ ಆರ್ಮಿಯವರೇ ಸಂಬಳದಿಂದ ಹಿಡಿದು ಕೊಡಬಹುದು. ಹೆಂಡತಿಗೆ ಹೆಚ್ಚೆಂದರೆ ಶೇಕಡಾ 22, ಮಕ್ಕಳೂ ಸೇರಿದರೆ 33. ಅರ್ಜಿಯಲ್ಲಿ ಗಂಡನ ಆರ್ಮಿ ನಂಬರ್, ರ‍್ಯಾಂಕ್, ಯೂನಿಟ್ ಹೆಸರು ಸರಿಯಾಗಿರಲಿ. ಮದುವೆ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ದುಡ್ಡು ಬರುವುದು ಯಾವ ತಿಂಗಳಿಂದ ನಿಂತಿದೆ ಅಂತ ತೋರಿಸುವ ಪಾಸ್‌ಬುಕ್ ನಕಲು, ಇಷ್ಟೂ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ. ಗಂಡನ ಗುಣದೋಷಗಳನ್ನು ಐದು ಪುಟ ಬರೆಯಬೇಡಿ, ಅಲ್ಲಿ ಅದನ್ನು ಓದುವಷ್ಟು ಪುರುಸೊತ್ತು ಯಾರಿಗೂ ಇರೋದಿಲ್ಲ.

ಕೋರ್ಟ್ ಆದೇಶ ತಂದು ಸಂಬಳವನ್ನೇ ಜಪ್ತಿ ಮಾಡಿಸೋಣ ಅಂದರೆ ಅದೇ ಕಾಯ್ದೆಯ ಸೆಕ್ಷನ್ 28 ಅಡ್ಡ ಬರುತ್ತದೆ. ಅದಕ್ಕೇ ಆದೇಶದ ಪ್ರತಿಯನ್ನೂ ಆರ್ಮಿ ಮೂಲಕವೇ ಜಾರಿ ಮಾಡಿಸಿಕೊಳ್ಳುವುದು ಸುಲಭ. ಪಿಂಚಣಿಗೂ ಕಾನೂನಿನ ರಕ್ಷಣೆ ಇದೆ. ಆದರೆ ಜೀವನಾಂಶ ಕೇಳುವ ಹೆಂಡತಿ ಸಾಲ ವಸೂಲಿಗೆ ಬಂದವರ ಹಾಗಲ್ಲ, ಆ ರಕ್ಷಣೆ ಅವಳ ವಿರುದ್ಧ ನಡೆಯದು ಅಂತ ಬಾಂಬೆ ಹೈಕೋರ್ಟ್ ಹೇಳಿದೆ.

ಗಂಡ ಜಮ್ಮುವಿನಲ್ಲಿರಲಿ, ಅಸ್ಸಾಂನಲ್ಲಿರಲಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿ ತಾನಿರುವ ಊರಲ್ಲೇ ಕೇಸು ಹಾಕಬಹುದು. ಸುಪ್ರೀಂ ಕೋರ್ಟ್‌ನ 2020ರ ರಜನೇಶ್ ವರ್ಸಸ್ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ಗಂಡನ ಅಫಿಡವಿಟ್‌ನಲ್ಲಿ ಪಿಎಫ್, ಗ್ರಾಚ್ಯುಟಿ, ರಜೆ ಸಂಬಳ, ಕಮ್ಯುಟೇಶನ್ ಬಿಟ್ಟುಹೋಗಿದೆಯಾ ನೋಡಿ. ಕಮ್ಯುಟೇಶನ್ ಅಂದರೆ ಮುಂದೆ ಬರುವ ಪಿಂಚಣಿಯ ಒಂದು ಭಾಗವನ್ನು ಮೊದಲೇ ಗಂಟಾಗಿ ತೆಗೆದುಕೊಳ್ಳುವುದು. ಪಿಂಚಣಿಯ ಅರ್ಧದವರೆಗೂ ಹೀಗೆ ಒಟ್ಟಿಗೇ ಎತ್ತಬಹುದು, ಅದು ಸಣ್ಣ ಗಂಟಲ್ಲ. ಜವಾನರು ನಲವತ್ತರ ಆಸುಪಾಸಿನಲ್ಲೇ ರಿಟೈರ್ ಆಗುತ್ತಾರೆ, ಆ ದಿನ ಹತ್ತಿರ ಇದ್ದರಂತೂ ವಕೀಲರಿಗೆ ಮೊದಲೇ ಹೇಳಿಡಿ. ತವರಿನವರು ಹಾಕಿದ ಚಿನ್ನ ಸ್ತ್ರೀಧನ. ಅದು ಪೂರ್ತಿ ನಿಮ್ಮದು, ಚೌಕಾಸಿಗೆ ಇಡಬೇಡಿ. ಮನೆ ಸಾಲದ ಕಂತು ನೀವೂ ಕಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ.

ಇನ್ನು ಡಿಕ್ರಿ (ಕೋರ್ಟಿನ ಡಿವೋರ್ಸ್ ಆದೇಶ) ಆದಮೇಲೆ ಏನೇನು ಹೋಗುತ್ತದೆ ಅನ್ನೋದು. ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ, ಮಿಲಿಟರಿ ಕ್ಯಾಂಟೀನ್ ಕಾರ್ಡ್ ಎರಡೂ ಹೋಗುತ್ತವೆ. ಮುಂದೆ ಅವರು ತೀರಿಕೊಂಡರೆ ಬರಬೇಕಿದ್ದ ಫ್ಯಾಮಿಲಿ ಪೆನ್ಶನ್ ಕೂಡ ನಿಮಗಿಲ್ಲ. ತಿಂಗಳ ಜೀವನಾಂಶವನ್ನಷ್ಟೇ ನಂಬಿ ಕೂತರೆ ಆಮೇಲೆ ಕಷ್ಟ. ಒಂದೇ ಗಂಟಿನ ಮೊತ್ತ ಅಥವಾ ಮನೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಜಾಸ್ತಿ ಭದ್ರ ಅನ್ನೋದು ನನ್ನ ಅಭಿಪ್ರಾಯ. ಒಪ್ಪಂದದ ಡಿವೋರ್ಸ್ ಆದರೆ ಇದನ್ನೆಲ್ಲ ಅರ್ಜಿಯಲ್ಲೇ ಬರೆಸಿ, ದುಡ್ಡು ಯಾವ ತಾರೀಖಿಗೆ ಅನ್ನೋದೂ ಇರಲಿ. "ಆಮೇಲೆ ಕೊಡ್ತೀನಿ" ಅನ್ನೋ ಮಾತಿಗೆ ಸಹಿ ಹಾಕಬೇಡಿ.

ಮಕ್ಕಳ ಹಕ್ಕು ಮಾತ್ರ ಡಿವೋರ್ಸ್‌ನಿಂದ ಹೋಗುವುದಿಲ್ಲ. ಅವರ ಹೆಸರು ಪಾರ್ಟ್ ಟು ಆರ್ಡರ್‌ನಲ್ಲಿ (ಸೈನಿಕನ ಮದುವೆ, ಮಕ್ಕಳ ವಿವರ ದಾಖಲಿಸುವ ಆರ್ಮಿ ಆದೇಶ) ಬಂದಿದೆಯಾ ಅಂತ ಈಗಲೇ ರೆಕಾರ್ಡ್ ಆಫೀಸ್‌ಗೆ ಬರೆದು ಕೇಳಿ. ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.