ಮಿನಿ ಟ್ರ್ಯಾಕ್ಟರ್ ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯಾ? ಮೊದಲು ಅರ್ಥಿಂಗ್ ನೋಡಿ

ಮಳೆಗಾಲ ಮುಗಿದ ಕೂಡಲೇ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಎಷ್ಟೋ ಮನೆಗಳಲ್ಲಿ ಇದೇ ಗೋಳು. ಸೆಲ್ಫ್ ಹೊಡೆದರೆ ಟಕ್ ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಅಡಿಕೆ ಕೊಯ್ಲು ಹತ್ತಿರ ಬಂದಿರುತ್ತದೆ, ಕಾಯುವ ಹಾಗಿಲ್ಲ. ಹೊಸ ಬ್ಯಾಟರಿ ತಂದು ಕೂರಿಸುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಮಲಗುತ್ತದೆ. ತೋಟದ ಹಳೇ ಗಾಡಿಗಳಲ್ಲಿ ಬ್ಯಾಟರಿಗಿಂತ ಜಾಸ್ತಿ ಕೈಕೊಡುವುದು ಅರ್ಥಿಂಗ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೂ ಗಾಡಿಯ ಲೋಹದ ಮೈಗೂ ಇರುವ ಸಂಪರ್ಕ. ಇದು ನಾನು ಕಂಡಿದ್ದು. ದುಡ್ಡು ಬಿಚ್ಚುವ ಮುಂಚೆ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಹಿಡಿದು ಕೂರಿ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಬಂದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು. 12ಕ್ಕೆ ಇಳಿದಿದ್ದರೆ ಹೊರಗಿನ ಚಾರ್ಜರ್‌ನಿಂದ ತುಂಬಿಸಿಯೇ ಮುಂದಕ್ಕೆ ಹೋಗಬೇಕು. ಖಾಲಿ ಬ್ಯಾಟರಿ ಇಟ್ಟುಕೊಂಡು ಅಳೆದರೆ ಲೆಕ್ಕ ದಾರಿ ತಪ್ಪಿಸುತ್ತದೆ. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡವೇ ಬೇಡ. ಜೂನ್‌ನಿಂದ ಕೊಟ್ಟಿಗೆಯಲ್ಲಿ ಖಾಲಿಯಾಗೇ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಪೂರ್ತಿ ಚಾರ್ಜ್ ಮಾಡಿ, ವೈರ್ ಬಿಚ್ಚಿ ಒಂದು ರಾತ್ರಿ ಇಟ್ಟರೂ 12.4 ನಿಲ್ಲದಿದ್ದರೆ ಅದರ ಆಸೆ ಬಿಡಿ.

ಈಗ ಎಂಜಿನ್ ಓಡಿಸಿ, ಎಕ್ಸಿಲರೇಟರ್ ಏರಿಸಿ ಮತ್ತೆ ಅಳೆಯಿರಿ. 13.8ರಿಂದ 14.5ರ ಒಳಗೆ ಬಂದರೆ ಚಾರ್ಜಿಂಗ್ ಸರಿಯಿದೆ. 12.5ರ ಹತ್ತಿರವೇ ನಿಂತರೆ ಬ್ಯಾಟರಿಗೆ ಏನೂ ಬರುತ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹಾಗೇ ಓಡಿಸಿದರೆ ಬ್ಯಾಟರಿ ನೀರು ಕುದಿದು ಹೋಗುತ್ತದೆ.

ಚಾರ್ಜ್ ಬರದಿದ್ದರೆ ಅರ್ಥಿಂಗ್ ಹುಡುಕಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಲೋಹದ ಮೈಗೆ. ಆಮೇಲೆ ಆ ಎರಡನೇ ಕಡ್ಡಿಯನ್ನೇ ರೆಗ್ಯುಲೇಟರಿನ ಮೈಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿತಾ? ಅಲ್ಲೇ ಕಳ್ಳ ಇದ್ದಾನೆ. ನಮ್ಮಲ್ಲಿ ತುಕ್ಕಿಗೆ ಮಳೆಯೊಂದೇ ಕಾರಣವಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವಾಗ ಡ್ರಮ್ಮು, ಪಂಪು ಎಲ್ಲ ಇದೇ ಗಾಡಿಯ ಮೇಲೆ ಅಲ್ವಾ? ಸುಣ್ಣ ಕಡಿಮೆ ಬಿದ್ದ ಮೈಲುತುತ್ತದ ನೀರು ಸಿಡಿದು ಬೋಲ್ಟಿನ ಸಂದಿಗೆ ಇಳಿದರೆ ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ಬೋಲ್ಟ್ ಬಿಗಿಯಾಗೇ ಕಾಣುತ್ತದೆ, ಅದಕ್ಕೇ ಯಾರೂ ಬಿಚ್ಚಿ ನೋಡುವುದಿಲ್ಲ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಮೊದಲು ತೆಗೆದು, ಅರ್ಥ್ ವೈರಿನ ಎರಡೂ ತುದಿ ಬಿಚ್ಚಿ. ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವ ತನಕ ಎಮರಿ ಹಾಳೆಯಲ್ಲಿ ಉಜ್ಜಿ. ರೆಗ್ಯುಲೇಟರ್ ಕೂರುವ ಜಾಗವನ್ನೂ ಬಿಡಬೇಡಿ. ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ನೆಗೆಟಿವ್ ಕೊನೆಗೆ ಹಾಕಿ.

ಇಷ್ಟಾದರೂ ಚಾರ್ಜ್ ಬರದಿದ್ದರೆ ನಿಮ್ಮ ಗಾಡಿ ಯಾವ ಜಾತಿ ನೋಡಿ. ಬೆಲ್ಟಿನಲ್ಲಿ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇದ್ದರೆ ಬೆಲ್ಟ್ ಸಡಿಲವೇ ನೋಡಿ. ಆಮೇಲೆ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬ್. ಕೀ ತಿರುಗಿಸಿದಾಗ ಅದು ಹೊತ್ತಿಕೊಳ್ಳಲೇಬೇಕು. ಎಷ್ಟೋ ಆಲ್ಟರ್ನೇಟರ್‌ಗೆ ಶುರುವಿನ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಚೆನ್ನಾಗಿದ್ದೂ ಸುಮ್ನೆ ತಿರುಗುತ್ತಿರುತ್ತದೆ.

ಎಂಜಿನ್ನಿನ ಫ್ಲೈವೀಲ್ (ಭಾರದ ಚಕ್ರ) ಒಳಗೇ ಮ್ಯಾಗ್ನೆಟ್, ಕರೆಂಟ್ ಹುಟ್ಟಿಸುವ ತಂತಿ ಸುರುಳಿಯಾದ ಸ್ಟೇಟರ್ ಇರುವ ಗಾಡಿಯಾದರೆ ಫ್ಯೂಸ್ ನೋಡಿ, ಇಲಿ ವೈರ್ ಕಡಿದಿದೆಯಾ ನೋಡಿ. ಆಮೇಲೆ ಸ್ಟೇಟರಿನ ಎರಡು ವೈರ್ ರೆಗ್ಯುಲೇಟರ್‌ನಿಂದ ಕಳಚಿ, ಮೀಟರ್ ಎಸಿಗೆ ತಿರುಗಿಸಿ, ಎಂಜಿನ್ ಜೋರಾಗಿ ಓಡಿಸಿ ಅಳೆಯಿರಿ. ಮಾಡೆಲ್ ಮೇಲೆ ವ್ಯತ್ಯಾಸವಾದರೂ ಸಾಮಾನ್ಯವಾಗಿ 25 ವೋಲ್ಟ್ ಮೇಲೆ ಬರಬೇಕು. ಎಸಿ ಚೆನ್ನಾಗಿ ಬಂದು, ಅರ್ಥಿಂಗ್ ಮತ್ತು ವೈರಿಂಗ್ ಸರಿಯಿದ್ದೂ ಚಾರ್ಜ್ ಇಲ್ಲವಾದರೆ ರೆಗ್ಯುಲೇಟರ್ ಬದಲಿಸಿ. ಎಸಿಯೇ ಇಲ್ಲವಾದರೆ ಸ್ಟೇಟರ್ ಹೋಗಿದೆ. ಅದಕ್ಕೆ ಫ್ಲೈವೀಲ್ ಎಳೆಯಲು ಪುಲ್ಲರ್ ಬೇಕು. ಸುತ್ತಿಗೆ ಹೊಡೆದು ಬಿಡಿಸಲು ಹೋಗಬೇಡಿ, ಮ್ಯಾಗ್ನೆಟ್ ಬಿರುಕು ಬಿಡುತ್ತದೆ. ಆ ಕೆಲಸ ಮೆಕ್ಯಾನಿಕ್‌ಗೆ ಕೊಡಿ.