ಲಾಲ್‌ಬಾಗ್ ಫ್ಲವರ್ ಶೋ, ಇಬ್ಬರು ಚಿಕ್ಕ ಮಕ್ಕಳು, ಎರಡು ಗಂಟೆ: ಕೊನೆಗೂ ಕೂಡಿಬಂದ ಲೆಕ್ಕ

ಆರು ವರ್ಷದ್ದೊಂದು, ಮೂರು ವರ್ಷದ್ದೊಂದು. ಈ ಎರಡನ್ನೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ, ಅಳುವಿಲ್ಲದೆ, ರಂಪವಿಲ್ಲದೆ, ಯಾರೂ ಕಳೆದುಹೋಗದೆ ವಾಪಸ್ ಬರಬಹುದು ಅಂದರೆ ನಂಬಿದವರೇ ಇಲ್ಲ. ‘ಮಕ್ಕಳು ದೊಡ್ಡವಾಗಲಿ ಬಿಡಿ’ ಎಂಬುದೇ ಎಲ್ಲರ ಸಲಹೆ. ಜನವರಿ, ಆಗಸ್ಟ್ ಸೇರಿ ಐದು ಶೋ ಆಯಿತು. ಮೊದಲ ಮೂರು ಕೆಟ್ಟವು, ಕೊನೆಯ ಎರಡು ಗೆದ್ದವು. ಗೇಟು ಎಲ್ಲಿ, ಟಿಕೆಟ್ ಹೇಗೆ ಎಂಬುದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಗೆಲುವಿನ ಗುಟ್ಟು ಒಂದೇ. ಮುಖ್ಯ ಪ್ರದರ್ಶನವಿರುವ ಗಾಜಿನಮನೆಯನ್ನು ಮೊಟ್ಟಮೊದಲು ನೋಡಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಹೊರಗೆ ಬಂದುಬಿಡಬೇಕು. ಎಲ್ಲರೂ ಮಾಡುವುದು ಇದರ ಉಲ್ಟಾ. ಹೊರಗಿನ ಪಾತಿ, ಹೂಗಡಿಯಾರ, ಅಂಗಡಿ ಸಾಲು ಎಲ್ಲ ಸುತ್ತಿ, ಹನ್ನೊಂದೂವರೆಗೆ ಗಾಜಿನಮನೆಯ ಕ್ಯೂಗೆ ನಿಲ್ಲುತ್ತಾರೆ. ಮಕ್ಕಳ ಕಾಲು ಸೋಲುವುದೂ ಜನ ಏರುವುದೂ ಅದೇ ಹೊತ್ತಿಗೆ. ಒಳಗಿನ ಸಾಲು ನಡೆಯುವುದು ದೊಡ್ಡವರ ಸೆಲ್ಫಿಯ ವೇಗದಲ್ಲಿ. ಮೂರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಎಂಬತ್ತೈದು ಸೆಂಟಿಮೀಟರಿನಲ್ಲಿರುತ್ತದೆ. ತಡೆಬೇಲಿಯ ಅಡ್ಡಪಟ್ಟಿಯೂ ಹೆಚ್ಚುಕಡಿಮೆ ಅಲ್ಲೇ. ಹಾಗಾಗಿ ಅದಕ್ಕೆ ಕಾಣುವುದು ಕಬ್ಬಿಣದ ಪಟ್ಟಿ ಮತ್ತು ಮುಂದಿನವರ ಬೆನ್ನುಚೀಲ. ಹೂವಲ್ಲ. ನಾವು ‘ನೋಡು ನೋಡು’ ಅನ್ನುತ್ತಿದ್ದರೆ ಅದು ಏನನ್ನು ನೋಡಬೇಕು?

ವಾರದ ದಿನ, ಕೌಂಟರ್ ತೆರೆಯುವ ಹೊತ್ತಿಗೆ ಗೇಟಿನಲ್ಲಿರಬೇಕು. ಭಾನುವಾರ, ರಜಾದಿನ ಬೇಡವೇ ಬೇಡ. ಜನವರಿ 26, ಆಗಸ್ಟ್ 15ರಂದು ಹೋಗುವವರಿಗೆ ನನ್ನಲ್ಲಿ ಯಾವ ಉಪಾಯವೂ ಇಲ್ಲ. ಆರಂಭದ ಎರಡು ಮೂರು ದಿನ ಹೂವು ತಾಜಾ ಇರುತ್ತವೆ. ಗಾಜಿನಮನೆಯೊಳಗೆ ಹೂವಿನಲ್ಲೇ ಕಟ್ಟುವ ಪ್ರತಿಕೃತಿಗೆ ಚುಚ್ಚಿದ ಗುಲಾಬಿ ಸೇವಂತಿಗೆಗಿಂತ ಬೇಗ ಬಾಡಿ ಅಂಚು ಕಂದಾಗುತ್ತದೆ, ನಡುವೆ ಬದಲಿಸುತ್ತಾರೆ. ಬದಲಿಸಿದ ಮರುದಿನ ಹೋದರೂ ಸರಿಯೇ. ಮಕ್ಕಳಿಗೆ ಇದರಿಂದ ವ್ಯತ್ಯಾಸವಿಲ್ಲ, ಇದು ನಮ್ಮ ಖುಷಿಗೆ.

ಪ್ರತಿಕೃತಿ ಯಾವುದರದ್ದೆಂದು ಪತ್ರಿಕೆಯಲ್ಲಿ ಮೊದಲೇ ಬಂದಿರುತ್ತದೆ. ಆ ಕಟ್ಟಡದ್ದೋ ವ್ಯಕ್ತಿಯದ್ದೋ ನಿಜವಾದ ಫೋಟೊವನ್ನು ಎರಡು ದಿನ ಮುಂಚೆ ಫ್ರಿಜ್ ಬಾಗಿಲಿಗೆ ಅಂಟಿಸಿ. 2023ರ ಆಗಸ್ಟ್‌ನಲ್ಲಿ ವಿಧಾನಸೌಧ ಇತ್ತು. ಕಂಬ, ಮೆಟ್ಟಿಲು, ಮೇಲಿನ ಗುಮ್ಮಟ ಫೋಟೊದಲ್ಲಿ ನೋಡಿದ್ದ ಮಗು ಒಳಗೆ ಹೋದಕೂಡಲೇ ಹೂವಿನ ಕಂಬ ಎಣಿಸುವುದಕ್ಕೆ ಶುರುಮಾಡುತ್ತದೆ. ಫೋಟೊ ನೋಡದ ಮಗುವಿಗೆ ಅದು ಬರೀ ಬಣ್ಣದ ಗುಡ್ಡ, ಅರ್ಧ ನಿಮಿಷದಲ್ಲಿ ‘ಮನೆಗೆ ಹೋಗೋಣ’.

ಈಗ ದುಡ್ಡು ಕಳೆದ ಕಥೆ. ಸ್ಟ್ರಾಲರ್ ಒಯ್ದದ್ದು ಮೊದಲ ತಪ್ಪು. ಗಾಡಿ ಏಳು ಕೆಜಿ, ಮಗು ಹದಿಮೂರು. ರಸ್ತೆಯಲ್ಲಿ ಸಲೀಸು, ಕ್ಯೂನಲ್ಲಿ ಮುಂದಿನವರ ಹಿಮ್ಮಡಿಗೆ ಚಕ್ರ. ಕೊನೆಗೆ ಒಂದು ಕೈಯಲ್ಲಿ ಮಡಚಿದ ಗಾಡಿ, ಇನ್ನೊಂದರಲ್ಲಿ ಮಗು. ಹೆಗಲ ಮೇಲೆ ಕೂರಿಸಿಕೊಳ್ಳುವುದೂ ಹತ್ತು ನಿಮಿಷದ ಆಟ, ಅಷ್ಟರಲ್ಲಿ ಕತ್ತು ಹಿಡಿಯುತ್ತದೆ. ಬೆನ್ನಿಗೆ ಕಟ್ಟುವ ಕ್ಯಾರಿಯರ್ ಸರಿಹೋಯಿತು, ಮಗುವಿನ ಕಣ್ಣು ನಮ್ಮ ಭುಜದ ಮಟ್ಟಕ್ಕೆ ಬರುತ್ತದೆ. ಆದರೆ ಬೆನ್ನ ಹಿಂದೆ ಅದು ಏನು ಮಾಡುತ್ತಿದೆ ಎಂದು ನಮಗೆ ಕಾಣದು. ತೂಗುಕುಂಡದಿಂದ ಪೆಟೂನಿಯಾ ಕಿತ್ತು ಪಕ್ಕದವರ ಜಡೆಗೆ ಸಿಕ್ಕಿಸಬಹುದು. ಜೊತೆಗಿರುವ ದೊಡ್ಡವರು ಹಿಂದಿನಿಂದಲೇ ಬರಬೇಕು. ಹಳೆಯ ಹತ್ತಿ ಸೀರೆಯ ಜೋಳಿಗೆ ಕಟ್ಟಿ ಸೊಂಟದ ಮೇಲೆ ಕೂರಿಸಿಯೂ ನೋಡಿದ್ದಾಯಿತು. ಇಪ್ಪತ್ತು ನಿಮಿಷಕ್ಕೆ ಅದೇ ಸಾಕು, ಕ್ಯಾರಿಯರಿನ ಎರಡು ಸಾವಿರ ಉಳಿಯುತ್ತದೆ.

ಎರಡನೇ ತಪ್ಪು ಬಟ್ಟೆಯ ಬಣ್ಣ. ‘ಎದ್ದುಕಾಣಲಿ’ ಅಂತ ಕೆಂಪು, ಹಳದಿ ಟೀ ಶರ್ಟ್ ಹಾಕಿಸಿದರೆ ಸಾಲ್ವಿಯಾ, ಚೆಂಡುಹೂವಿನ ಪಾತಿಯ ಮುಂದೆ ಮಗು ಮಾಯ! ಜನರ ನಡುವೆ ನಾವು ಮೇಲಿನಿಂದ ನೋಡುವುದರಿಂದ ಮೊದಲು ಕಾಣುವುದು ತಲೆ, ಅಂಗಿಯಲ್ಲ. ಆದ್ದರಿಂದ ಟೋಪಿ. ಬಣ್ಣ ತಿಳಿನೀಲಿ, ಹೂಪಾತಿಗಳಲ್ಲಿ ತೀರಾ ಅಪರೂಪದ ಬಣ್ಣ. ಇಬ್ಬರಿಗೂ ಒಂದೇ ಥರದ್ದು.

ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಅಂಗೈ ಮೇಲೆ ಬರೆದರೆ ಬೆವರಿಗೆ ಅರ್ಧ ಗಂಟೆಯಲ್ಲಿ ಅಳಿಸುತ್ತದೆ. ಮುಂಗೈಯ ಒಳಭಾಗದಲ್ಲಿ ಮಾರ್ಕರಿನಲ್ಲಿ ಬರೆದು, ಒಣಗಿದ ಮೇಲೆ ಪಾರದರ್ಶಕ ಮೆಡಿಕಲ್ ಟೇಪ್ ಅಂಟಿಸಿ. ಎರಡು ನಂಬರ್ ಬರೆಯಿರಿ, ಹೆಸರು ಬೇಡ. ಹೆಸರು ಓದಿ ಕರೆದವರ ಹಿಂದೆ ಮಗು ಹೋಗಿಬಿಡುತ್ತದೆ. ತಪ್ಪಿಸಿಕೊಂಡರೆ ಏನು ಮಾಡಬೇಕು ಎಂಬುದಕ್ಕೆ ‘ಗಾಜಿನಮನೆ ಹತ್ತಿರ ಬಾ’ ಅನ್ನುವುದು ಪ್ರಯೋಜನವಿಲ್ಲ. ‘ನಿಂತಲ್ಲೇ ನಿಲ್ಲು, ಹತ್ತಿರದ ಕಂಬ ತಬ್ಬಿಕೋ’ ಎಂದು ಮನೆಯಲ್ಲೇ ನಾಲ್ಕೈದು ಸಲ ಆಡಿಸಿ.

ಪಕ್ಕದ ಪ್ರಯೋಗಗಳೂ ಕೆಲವು ಆದವು. ಭೂತಗನ್ನಡಿ ಸೋತಿತು, ಬೇಲಿಯಿಂದ ಹೂವಿಗೆ ಮೂರಡಿ ದೂರವಿದ್ದರೆ ಅದರಲ್ಲಿ ಎಲ್ಲವೂ ಮಸುಕು. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಕತ್ತರಿಸಿ, ಆ ಬಣ್ಣದ ಹೂವು ಹುಡುಕು ಎನ್ನುವ ಆಟ ಅರ್ಧ ಗೆದ್ದಿತು. ಕೆಂಪು, ಕಿತ್ತಳೆ ಕೊಟ್ಟರೆ ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಕಂದುನೇರಳೆ, ಕೆನೆಬಣ್ಣ, ಎಳೆಹಸಿರು ಕೊಡಿ, ಆರು ವರ್ಷದ್ದು ಗಾಜಿನಮನೆ ದಾಟುವವರೆಗೂ ಹುಡುಕುತ್ತದೆ. ಮೂರು ವರ್ಷದ್ದಕ್ಕೆ ಕೆಲಸ ಮಾಡಿದ್ದು, ನಂಬುತ್ತೀರೋ ಇಲ್ಲವೋ, ರಟ್ಟಿನ ಕೊಳವೆ. ಕಿಚನ್ ಟವೆಲ್ ಸುರುಳಿಯ ಒಳಗಿನದ್ದನ್ನು ಅರ್ಧಕ್ಕೆ ಕತ್ತರಿಸಿ, ಒಂದು ಕಣ್ಣಿಗೆ ಹಿಡಿಸಿ. ಸಾವಿರ ಹೂವು ಒಟ್ಟಿಗೆ ಕಂಡಾಗ ಎಲ್ಲೂ ನಿಲ್ಲದ ಕಣ್ಣು, ಕೊಳವೆಯಲ್ಲಿ ಒಂದೇ ಡೇಲಿಯಾ ಕಂಡರೆ ನಿಲ್ಲುತ್ತದೆ. ಕೊರಳಿಗೆ ಕಟ್ಟುವುದಾದರೆ ಎಳೆದರೆ ಹರಿಯುವ ತೆಳು ದಾರವೇ ಇರಲಿ.

ಹೊರಬಂದ ಮೇಲೆ ತಿಂಡಿ. ಮನೆಯಿಂದಲೇ ಇಡ್ಲಿ, ಚಟ್ನಿಪುಡಿ ಸವರಿದ್ದು, ಸ್ಟೀಲ್ ಡಬ್ಬಿಯಲ್ಲಿ. ತಿಂದಾದ ಮೇಲೆ ಬಂಡೆ. ಪುಟಾಣಿಗಳಿಗೆ ಇಡೀ ಲಾಲ್‌ಬಾಗಿನಲ್ಲಿ ಅದಕ್ಕಿಂತ ದೊಡ್ಡ ಆಕರ್ಷಣೆಯಿಲ್ಲ. ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ಜನವರಿಯಲ್ಲಾದರೆ ಹತ್ತೂವರೆಯೊಳಗೆ ಹತ್ತಿ ಇಳಿಯಿರಿ, ಆಮೇಲೆ ಕಲ್ಲು ಕಾಯುತ್ತದೆ. ಆಗಸ್ಟ್‌ನಲ್ಲಿ ಪಾಚಿಯ ಜಾರು. ಕಪ್ಪುಗಟ್ಟಿದ ತೇವದ ಪಟ್ಟೆಗಳನ್ನು ಬಿಟ್ಟು ನಡೆಸಿ, ಇಳಿಯುವಾಗ ಕೂತು ಜಾರಿಸಿ. ಮಳೆ ಬಂದರೆ ಬಂಡೆ ಬಿಡಿ, ಕೆರೆ ಕಡೆ ಹೋಗಿ. ಹುಲ್ಲಂಚಿನಲ್ಲಿ ಮುಟ್ಟಿದರೆ ಮುನಿ ಸಿಕ್ಕರೆ ಹತ್ತು ನಿಮಿಷ ನಿಮ್ಮ ಪಾಲಿಗೆ ಲಾಭ.

ಬೆಂಕಿಪೊಟ್ಟಣದ ಆಟವೂ ಇಲ್ಲೇ. ಒಬ್ಬೊಬ್ಬರಿಗೂ ಒಂದು ಖಾಲಿ ಪೊಟ್ಟಣ, ಉದುರಿದ್ದನ್ನು ಮಾತ್ರ ಹಾಕಬೇಕು, ಒಂದೇ ಥರದ್ದು ಎರಡು ಇರಕೂಡದು. ‘ಕೀಳಬೇಡ’ ಎಂದು ನೂರು ಸಲ ಹೇಳುವ ಕೆಲಸ ತಪ್ಪಿತು. ಇದುವರೆಗಿನ ದಾಖಲೆ ಹತ್ತೊಂಬತ್ತು. ಹೇಗೆ ಎಂಬ ಸಣ್ಣ ಕೈಚಳಕ ನಮ್ಮ ಮನೆಯದ್ದು, ಹೇಳುವುದಿಲ್ಲ. ಹಾಗೆಯೇ ಯಾವ ಶೌಚಾಲಯದಲ್ಲಿ ಕ್ಯೂ ಇರುವುದಿಲ್ಲ ಎಂಬುದನ್ನೂ. ಹೇಳಿದರೆ ಮುಂದಿನ ಜನವರಿಗೆ ಅಲ್ಲೂ ಕ್ಯೂ.

ಖರ್ಚು ನೆನಪಿನಿಂದ ಹೇಳುತ್ತೇನೆ. ವಾರದ ದಿನ ದೊಡ್ಡವರಿಗೆ ಎಂಬತ್ತು, ಮಕ್ಕಳಿಗೆ ಮೂವತ್ತು, ಒಟ್ಟು 220 ಆಯಿತು. ಮೆಟ್ರೋ ಎರಡೂ ಕಡೆ ಸೇರಿ ಇನ್ನೂರರ ಆಸುಪಾಸು. ಗಿಡ, ಬೀಜಕ್ಕೆ ನೂರೈವತ್ತು. ಆರುನೂರರೊಳಗೆ ಮುಗಿಯಿತು. ಕೆಟ್ಟ ಮೂರು ಸಲ ಆಟೋ, ಬಲೂನು, ಗಿರಗಿಟ್ಲೆ, ಐಸ್‌ಕ್ರೀಂ, ಅಳು ನಿಲ್ಲಿಸಲು ಮತ್ತೊಂದು ಐಸ್‌ಕ್ರೀಂ ಸೇರಿ ಸಾವಿರದ ಐನೂರು ದಾಟಿತ್ತು. ಹತ್ತು, ಇಪ್ಪತ್ತರ ನೋಟು ಮುನ್ನೂರರಷ್ಟು ಜೇಬಿನಲ್ಲಿರಲಿ. ಜನ ಜಾಸ್ತಿಯಾದರೆ ನೆಟ್‌ವರ್ಕ್ ಕೈಕೊಡುತ್ತದೆ, ಸ್ಕ್ಯಾನ್ ಮಾಡಿದ ದುಡ್ಡು ಸುತ್ತುತ್ತಲೇ ಇರುತ್ತದೆ.

ಗಿಡ ಕೊಳ್ಳುವುದು ಹೊರಡುವಾಗ, ಗೇಟಿಗೆ ಹತ್ತಿರದ ಅಂಗಡಿಯಲ್ಲಿ. ಮೊದಲೇ ಕೊಂಡರೆ ಕುಂಡ ಹೊರುವ ಕೈ ಮಗುವನ್ನು ಹಿಡಿಯುವ ಕೈಯೇ. ಹೂ ತುಂಬಿದ ಪೆಟೂನಿಯಾ ಕಣ್ಣಿಗೆ ಚೆಂದ, ನೆರಳಿನ ಬಾಲ್ಕನಿಯಲ್ಲಿ ಹದಿನೈದು ದಿನಕ್ಕೆ ಸೊರಗುತ್ತದೆ. ಮಕ್ಕಳಿಗಾದರೆ ಕರ್ಣಕುಂಡಲದ ಬೀಜದ ಪೊಟ್ಟಣ ಸಾಕು. ವಾರದಲ್ಲಿ ಮೊಳಕೆ, ಒಂದೂವರೆ ಎರಡು ತಿಂಗಳಿಗೆ ಹೂವು, ಆಮೇಲೆ ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿಯುತ್ತದೆ. ಆಗಸ್ಟ್‌ನಲ್ಲಿ ತಂದು ಬಿತ್ತಿದರೆ ಆ ಸಿಡಿತದ ಬೀಜವನ್ನೇ ಜನವರಿಯ ಬೆಂಕಿಪೊಟ್ಟಣದಲ್ಲಿ ಇಡಬಹುದು.